ಕ್ವಾರ್ಟರ್‌ಮನ್ ಕಣ್ಣು ಮುಚ್ಚಿದ್ದು

ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕ್ಲಿಯೋಫಸ್ ಕ್ವಾರ್ಟರ್‌ಮನ್ ಕೂತ ಕುರ್ಚಿಯಲ್ಲೇ ಕೊನೆಯುಸಿರೆಳೆದ. ಅವನ ಮುಖದ ಮೇಲಿಂದ ದಿಂಬು ಎತ್ತಿದವಳು ಒಝೆಲಾ ಸ್ಟ್ರಿಕ್‌ಲೆಂಡ್.

ಅಮೆರಿಕದ ಮೇಕನ್ ಊರಿನ ಕಪ್ಪು ಜನರಲ್ಲಿ ಯಾರೇ ಸತ್ತರೂ ಬರುವುದು ಕ್ವಾರ್ಟರ್‌ಮನ್ ಶವಸಂಸ್ಕಾರ ಗೃಹಕ್ಕೆ. ಅದರ ನೆಲಮಾಳಿಗೆಯಲ್ಲಿ ಹೆಣ ತೊಳೆದು, ಕೆಡದಂತೆ ಮಾಡಿ, ಉಡಿಸಿ, ಮನೆಯವರು ನೋಡುವಂಥ ಮುಖ ತಂದುಕೊಡುವುದು ಒಝೆಲಾಳ ಕೆಲಸ. ಲೈಸೆನ್ಸು ಪಡೆದಾಗ ತರಗತಿಗೆಲ್ಲ ಅವಳೊಬ್ಬಳೇ ಹೆಂಗಸು. ಇನ್ನೊಂದು ವರ್ಷ ತಡಿ, ಬೋರ್ಡಿನ ಮೇಲೆ ನಿನ್ನ ಹೆಸರೂ ಬರುತ್ತದೆ ಎಂದು ಕ್ಲಿಯೋಫಸ್ ಅಂದಿನಿಂದಲೂ ಹೇಳುತ್ತ ಬಂದಿದ್ದ. ಅವಳ ಕೂದಲು ನರೆಯಿತು, ಹೆಸರು ಬರಲಿಲ್ಲ. ಕಳೆದ ವಾರ ಮತ್ತೆ ಕೇಳಿದಾಗ ನಕ್ಕುಬಿಟ್ಟ.

"ಹೆಣ್ಣಿನ ಹೆಸರಿರೋ ಬೋರ್ಡ್ ಕೆಳಗೆ ಹೆಣ ಬರಲ್ಲ ಕಣೆ. ಸೋಮವಾರ ಅಟ್ಲಾಂಟಾದವರಿಗೆ ಮಾರ್ತಿದೀನಿ, ಅವರನ್ನೇ ಕೇಳ್ಕೋ."

ಸೋಮವಾರದೊಳಗೆ ಅವನು ಸತ್ತರೆ ಎಲ್ಲವೂ ಅವನ ಅಕ್ಕ ವರ್ನೆಲ್‌ಗೆ. ವರ್ನೆಲ್ ಮಾರುವವಳಲ್ಲ. ಹೆಣಗಳ ತಲೆ ಬಾಚುತ್ತ ಒಝೆಲಾಳ ಪಕ್ಕದಲ್ಲೇ ಮುದುಕಿಯಾದವಳು. ನನ್ನ ಕೈಗೆ ಬಂದರೆ ಮಾರನೇ ದಿನವೇ ನಿನ್ನ ಹೆಸರು ಬರೆಸುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದಳು. ಚರ್ಚಿಗೆ ಬರುವಾಗಲೂ ನಿನ್ನ ಕೋಟಿನ ಜೇಬಲ್ಲಿ ಹತ್ತಿ ಇರುತ್ತಲ್ಲೇ, ಪಾದ್ರಿ ಸಾಯಲಿ ಅಂತೇನಾದರೂ ಕಾದಿದ್ದೀಯಾ ಎಂದು ಹಾಸ್ಯ ಮಾಡುವವಳೂ ಅವಳೇ.

ಕ್ಲಿಯೋಫಸ್‌ನ ಹೃದಯ ದುರ್ಬಲವೆಂಬುದು ಊರಿಗೇ ಗೊತ್ತು. ಚರ್ಚು ಮುಗಿಸಿ, ಕರಿದ ಕೋಳಿ ತಿಂದು, ಕುರ್ಚಿಯಲ್ಲೇ ಗೊರಕೆ ಹೊಡೆಯುವುದು ಅವನ ಭಾನುವಾರ. ಅದೇ ಮನೆಯಲ್ಲಿರುವ ವರ್ನೆಲ್ ಆಗ ಚರ್ಚಿನ ಹಿರಿಯ ಹೆಂಗಸರ ಸಭೆಯಲ್ಲಿರುತ್ತಾಳೆ. ದಿಂಬು ಗುರುತು ಬಿಡುತ್ತದೆ, ತುಟಿಯ ಒಳಗೆ, ಕಣ್ಣಿನ ಬಿಳಿಯಲ್ಲಿ. ಆದರೆ ಹೃದಯ ನಿಂತು ಸತ್ತ ಮುದುಕನ ತುಟಿ ಬಿಡಿಸಿ ನೋಡುವವರು ಯಾರು? ಹೆಣ ಬರುವುದು ಅವಳ ಮೇಜಿಗೇ. ಸಾವಿನ ಗುರುತು ಅಳಿಸುವುದೇ ಅವಳ ವೃತ್ತಿ.

ಅಂಜಿದ್ದು ಒಂದಕ್ಕೇ, ತನ್ನ ಅಭ್ಯಾಸಕ್ಕೆ. ಹೆಣವನ್ನು ಹೆಸರು ಹಿಡಿದು ಮಾತಾಡಿಸದೆ ಅವಳು ಎಂದೂ ಮುಟ್ಟಿದವಳಲ್ಲ. ಕೆಲಸ ಕಲಿಸಿದ ಮುದುಕಿ ಆರ್ಜುಲಾ ಹೇಳಿದ್ದಳು: "ಸತ್ತೋರಿಗೆ ಕಿವಿ ಇರುತ್ತೆ ಮಗಳೇ. ಹೇಳದೆ ಮುಟ್ಟಿದ್ರೆ ಹಿಂದೇನೇ ಬರ್ತಾರೆ." ಕಿಟಕಿಯಾಚೆ ಯಾರಾದರೂ ತನ್ನ ದನಿ ಕೇಳಿಬಿಟ್ಟರೆ? ಅದಕ್ಕೇ ಅಂದು ತುಟಿ ಕಚ್ಚಿಕೊಂಡಿದ್ದಳು. ದಿಂಬು ಎತ್ತಿದಾಗ ಕ್ಲಿಯೋಫಸ್‌ನ ಕಣ್ಣು ತೆರೆದೇ ಇತ್ತು, ಅವಳನ್ನೇ ನೋಡುತ್ತಿತ್ತು. ಪಕ್ಕದ ಮನೆಯ ರೇಡಿಯೊದಲ್ಲಿ ಭಜನೆ. ಎಷ್ಟು ಹೊತ್ತು ಅಲ್ಲಿ ನಿಂತಿದ್ದಳೋ ಅವಳಿಗೆ ನೆನಪಿಲ್ಲ. ಒಂದು ಮಾತೂ ಆಡಲಿಲ್ಲ ಎಂಬುದಷ್ಟೇ ನೆನಪು. ದಿಂಬನ್ನು ಇದ್ದಲ್ಲೇ ಇಟ್ಟು ಹಿತ್ತಲಿಂದ ಹೊರಟಳು.

ಮನೆಯಲ್ಲಿ ಕೈ ತೊಳೆಯುವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಯಾರಿಲ್ಲ. ಕೂತರೂ ಅದು ಹೋಗಲಿಲ್ಲ. ಒಂದು ಮಾತಿಗಾಗಿ ಕಾಯುತ್ತಿರುವವರ ಮೌನ ಅದು, ನೆಲಮಾಳಿಗೆಯಲ್ಲಿ ಅವಳಿಗೆ ಚಿರಪರಿಚಿತ. ಮಾತಾಡಿಸದೆ ಬಿಟ್ಟುಬಂದ ಮೊದಲ ಹೆಣ ಅವನು. ಕಡೆಗೆ ಎಣಿಸಿದಂತೆಯೇ ವರ್ನೆಲ್‌ಳ ಫೋನು ಬಂತು.

ಅವಳು ಶವದ ಗಾಡಿ ತಂದಾಗ ಕ್ವಾರ್ಟರ್‌ಮನ್ ಮನೆಯಲ್ಲಿ ಸಾವುಗಳ ವಿಚಾರಣೆಯ ಅಧಿಕಾರಿ ಟೋಪಿ ಮಂಡಿಯ ಮೇಲಿಟ್ಟು ಕೂತಿದ್ದ. ಹೃದಯವೇ, ತೆಗೆದುಕೊಂಡು ಹೋಗಬಹುದು ಎಂದ. ಒಝೆಲಾ ಬಾಗಿ, ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮಿಸ್ಟರ್ ಕ್ವಾರ್ಟರ್‌ಮನ್, ಈಗ ನಿಮ್ಮನ್ನ ಕರ್ಕೊಂಡು ಹೋಗ್ತೀನಿ." ಬೆನ್ನ ಹಿಂದಿನ ಭಾರ ಇಳಿಯಿತು.

"ಒಝೆಲಾ," ಎಂದಳು ವರ್ನೆಲ್, ತಮ್ಮನ ಪಾದದ ಬಳಿ ಕೂತಲ್ಲಿಂದಲೇ. "ನೀನು ಮುಂಚೆ ಒಂದ್ಸಲ ಬಂದು ಹೋದ್ಯಾ?"

"ಇಲ್ಲಕ್ಕ. ನಿನ್ನ ಫೋನ್ ಬಂದ್ಮೇಲೇ ಹೊರಟಿದ್ದು."

ವರ್ನೆಲ್ ಮುಷ್ಟಿ ಬಿಚ್ಚಿದಳು. ತಮ್ಮನದು ಥೇಟ್ ಅಮ್ಮನ ಕಣ್ಣು, ಇನ್ನೊಂದು ಸಲ ನೋಡೋಣವೆಂದು ಈಗಷ್ಟೇ ರೆಪ್ಪೆ ಎತ್ತಿದ್ದಳಂತೆ. ಅಂಗೈಯಲ್ಲಿ, ಆ ರೆಪ್ಪೆಯಡಿ ಸಿಕ್ಕ, ತೆಳ್ಳಗೆ ಬಿಡಿಸಿದ ಹತ್ತಿಯ ಎಳೆಯಿತ್ತು. ಮುಚ್ಚಿದ ರೆಪ್ಪೆ ಮತ್ತೆ ಜಾರಿ ತೆರೆಯದಿರಲೆಂದು ಒಝೆಲಾ ಪ್ರತಿ ಹೆಣಕ್ಕೂ ಎಲ್ಲಕ್ಕಿಂತ ಮೊದಲು ಒಳಗಿಡುವ ಎಳೆ, ತುದಿ ಅವಳ ಕೈಯ ರೀತಿಯಲ್ಲೇ ಹೊಸೆದಿತ್ತು. ಅಧಿಕಾರಿ ಅದನ್ನು ನೋಡಿ ಎದ್ದು ನಿಂತು ಟೋಪಿ ಹಾಕಿಕೊಂಡ. ಕ್ಲಿಯೋಫಸ್‌ನ ದೇಹ ಅಂದು ಒಝೆಲಾಳ ಮೇಜಿಗೆ ಬರಲಿಲ್ಲ, ಮರಣೋತ್ತರ ಪರೀಕ್ಷೆಗೆಂದು ಸರ್ಕಾರಿ ಪ್ರಯೋಗಾಲಯಕ್ಕೆ ಹೋಯಿತು.