ನೊಗ ಇಳಿಸುವ ವಾರ

"ಸುಳ್ಳ ಅಂಕಿ ಬರಿಯಾಕಿನ್ನ ನೋಡಾಕ ಬಂದ್ರ್ಯಾ?" ಎಂದು ದಾನೇಶ್ವರಿ ತಲೆ ಎತ್ತದೆ ಕೇಳಿದಳು.

ಕುಲಗೋಡದ ಆರೋಗ್ಯ ಉಪಕೇಂದ್ರದ ಬಾಗಿಲಲ್ಲಿ ಶ್ರೀಶೈಲ ಚಪ್ಪಲಿ ಬಿಡುತ್ತ ನಿಂತಿದ್ದ. ಫ್ಲೂ ಜ್ವರ ಮುಂದೆ ಯಾವ ಊರಲ್ಲಿ ಏರುತ್ತದೆಂದು ಗೋಕಾಕದಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಗಣಿತ ಹಾಕುವವನು. ಡಾಕ್ಟರರ ವ್ಯಾನು ಎಲ್ಲಿಗೆ ಹೋಗಬೇಕೆನ್ನುವುದು ಆ ಗಣಿತದ ಮೇಲೆ. ಪಟ್ಟಿಯಲ್ಲಿ ಕುಲಗೋಡದ ಹೆಸರಿನ ಮುಂದೆ ಅವನು 'ನಂಬಲಾಗದು' ಎಂದು ಬರೆದಿದ್ದ. ವ್ಯಾನು ಹುಕ್ಕೇರಿ ಕಡೆ ದಡ್ಡಿ ಊರಿಗೆ ಹೋಗಿತ್ತು. ಎರಡು ವಾರದಿಂದ ಊರಿನ ಜ್ವರವೆಲ್ಲ ನರ್ಸ್ ದಾನೇಶ್ವರಿಯ ಒಂದೇ ಹೆಗಲ ಮೇಲಿತ್ತು.

"ವಾರೆಲ್ಲಾ ದಿನಕ್ಕ ನಾಕ, ಐದ ಮಂದಿ. ಸೋಮವಾರ ಒಮ್ಮಿಗೇ ಅರವತ್ತು. ಜ್ವರ ಹಂಗ ಏರಂಗಿಲ್ರಿ. ಒಂದ ದಿನಾ ಕುಂತು ಎಲ್ಲಾ ಬರದೀರಿ ಅಂತ..." ಎಂದ ಶ್ರೀಶೈಲ.

"ಇವತ್ತ ಸೋಮವಾರ. ಅಲ್ಲೆ ಬೆಂಚಿನ ಮ್ಯಾಲ ಕುಂದರ್ರಿ."

ಹತ್ತು ಗಂಟೆಯ ಹೊತ್ತಿಗೆ ರೋಗಿಗಳ ಸಾಲು ಅಂಗಳದ ಬೇವಿನ ಮರ ದಾಟಿತು. ಮುಂದೆ ಕೆಮ್ಮುತ್ತ ನಿಂತವನು ರೈತ ಮುರಿಗೆಪ್ಪ.

"ಜ್ವರ ಯಾವತ್ತ ಬಂತು, ಕಾಕಾ?"

"ಬುಧವಾರ."

"ಮತ್ತ ಇಷ್ಟ ದಿನಾ?" ಶ್ರೀಶೈಲ ನಡುವೆ ಬಾಯಿ ಹಾಕಿದ.

"ಎತ್ತ ಹೂಡಿದ್ನೋ ತಮ್ಮಾ. ಸೋಮವಾರ ಬಸವಣ್ಣನ ವಾರ, ನೊಗಾ ಕಟ್ಟಂಗಿಲ್ಲ. ಎತ್ತಿಗೂ ಸೂಟಿ, ನನಗೂ ಸೂಟಿ. ಜಡ್ಡ ತೋರಸಾಕ ಬ್ಯಾರೆ ದಿನಾ ಎಲ್ಲೈತಿ? ಪ್ಯಾಟಿಯಾಂವ ಏನ ನೀ?"

ಸಾಲಿಗೆ ಸಾಲೇ ನಕ್ಕಿತು. ಅವನ ಕಿವಿ ಕೆಂಪಾದದ್ದನ್ನು ದಾನೇಶ್ವರಿ ಓರೆಗಣ್ಣಲ್ಲಿ ಕಂಡಳು. ಅವಳೊಳಗೆ ಸಿಟ್ಟು ಇರಬೇಕಾದ ಜಾಗದಲ್ಲಿ ಬರಿಯ ದಣಿವಿತ್ತು.

"ದವಾಖಾನಿಗೆ ಬಂದ ದಿನಾ ಅಲ್ಲ, ಜ್ವರ ಹತ್ತಿದ ದಿನಾ ಬೇಕಾಗಿತ್ತು" ಎಂದ ಅವನು, ತನಗೇ ಹೇಳಿಕೊಂಡಂತೆ.

"ಆ ಕಾಲಮ್ ನಿಮ್ಮ ಫಾರ್ಮಿನ್ಯಾಗ ಇಲ್ರಿ. ನನ್ನ ವಹಿಯೊಳಗೈತಿ."

ಸಂಜೆಯವರೆಗೂ ಅವನು ಅವಳ ಪುಸ್ತಕದ ದುಂಡು ಅಕ್ಷರದ ತಾರೀಖುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿದ. ಪರದೆಯ ಗ್ರಾಫಿನಲ್ಲಿ ಸೋಮವಾರದ ಗುಡ್ಡಗಳು ಕರಗಿ, ದಿನದಿಂದ ದಿನಕ್ಕೆ ಏರುವ ಒಂದೇ ಗೆರೆ ಉಳಿಯಿತು.

"ನೀವ ಬರದದ್ದು ಖರೆ. ನನ್ನದ ತಪ್ಪಾತ್ರಿ. ನಾಡಿದ್ದ ವ್ಯಾನ್ ಬರತೈತಿ." ಲ್ಯಾಪ್‌ಟಾಪ್ ಮುಚ್ಚುತ್ತ ಕೇಳಿದ, "ನಿಮಗ ಸೂಟಿ ಯಾವತ್ತ?"

"ಎತ್ತಿಗೈತಿ, ನನಗಿಲ್ಲ."

ವ್ಯಾನು ಬಂತು. ಮುಂದಿನ ಸೋಮವಾರ ಗೋಕಾಕದ ಬಸ್ಸಿಗೆ ಅವನೂ ಬಂದ. ಅದರ ಮುಂದಿನ ಸೋಮವಾರವೂ.

"ಈಗ ಗಣಿತ ಸರಿ ಆಗೇತೆಲ್ರಿ, ಮತ್ಯಾಕ ಬರ್ತೀರಿ?" ಎಂದಳು ಅವಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು.

"ಒಬ್ಬ ಮನಷ್ಯಾ ದಿನಕ್ಕ ಎಷ್ಟ ಮಂದಿ ಹತ್ತರ ಹೋಗ್ತಾನ ಅನ್ನೂದು ನನ್ನ ಗಣಿತದಾಗ ಬರತೈತ್ರಿ."

"ನೀವ ಎಷ್ಟ ಮಂದಿ ಹತ್ತರ ಹೋಗ್ತೀರಿ?"

"ಒಬ್ಬರ ಹತ್ತರ" ಎಂದ ಶ್ರೀಶೈಲ. "ವಾರಕ್ಕೊಮ್ಮೆ. ಅದು ಸಾಕಾಗವಲ್ದು."

ಅವಳು ವಹಿಯನ್ನು ಅವನ ಕಡೆ ತಿರುಗಿಸಿದಳು. ಆಮೇಲೆ ಪೆನ್ನನ್ನು ಅವನ ಕೈಗಿಟ್ಟಳು.

"ಹಂಗಾರ ಮುಂದಿನ ಹೆಸರ ನೀವ ಬರೀರಿ. ನಾ ಒಂದ ಗಳಿಗಿ ಕುಂದರತೇನಿ."

ಗೋಡೆಗೆ ಒರಗಿ ದಾನೇಶ್ವರಿ ಕಣ್ಣು ಮುಚ್ಚಿದಳು. ಜ್ವರ ಶುರುವಾದಾಗಿನಿಂದ ಅವಳು ಸೋಮವಾರ ಕುಳಿತದ್ದು ಇದೇ ಮೊದಲು. ನಿದ್ದೆ ಹತ್ತುವ ಮುಂಚೆ ಅವನ ದನಿ ಕೇಳಿಸಿತು:

"ಬರ್ರಿ ಅಜ್ಜಿ. ಜ್ವರ ಯಾವತ್ತ ಬಂತು? ಸಾವಕಾಶ ಹೇಳ್ರಿ, ಅಕ್ಕಾರು ಮಲಗ್ಯಾರ."