ಹನ್ನೆರಡು ಹೆಜ್ಜೆಯ ಕೋಣೆ

ಚೀಟಿಯಲ್ಲಿ ಬರೆದಿತ್ತು: ಉದ್ದ ಹನ್ನೆರಡು ಹೆಜ್ಜೆ, ಅಗಲ ಹತ್ತು ಹೆಜ್ಜೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಚಿಕ್ಕಪ್ಪನದು ಸೌದೆ ಒಲೆಗಳ ಅಂಗಡಿ. ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುವ, ಗಾಜಿನ ಬಾಗಿಲಿನ ಕಬ್ಬಿಣದ ಒಲೆಗಳು. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಅಂತ ಕೌಂಟರಿನಲ್ಲಿ ಕೂತವಳು ನಾನು. ಯಾವ ಕೋಣೆಗೆ ಯಾವ ಸೈಜಿನ ಒಲೆ ಎಂದು ಲೆಕ್ಕ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಲೆಕ್ಕ ಹಾಕುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದಕ್ಕೇ ಆ ಕೆಲಸ ನನಗೆ ಇಷ್ಟ.

ಚೀಟಿ ನೋಡಿ ಚಿಕ್ಕಪ್ಪ ಜೋರಾಗಿ ನಕ್ಕರು. “ಏನ್ ಸ್ವಾಮಿ, ಇದು ಮನೆಯೋ ಬಸ್ ಸ್ಟ್ಯಾಂಡೋ? ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸೋ ನೀವು, ಹೆಜ್ಜೆ ಎಣಿಸ್ಕೊಂಡು ಬಂದಿದೀರಲ್ಲ!”

ಚೀಟಿ ತಂದವರು ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ನಾವೆಲ್ಲ ಗಡಿಯಾರದವರು ಅಂತಲೇ ಕರೆಯುತ್ತಿದ್ದೆವು.

“ಯಾರ ಹೆಜ್ಜೆ?” ಎಂದೆ, ಚೀಟಿಯಿಂದ ಕಣ್ಣೆತ್ತದೆ.

“ಅಮ್ಮಂದು. ಒಲೆ ಅವರಿಗೇ ಅಲ್ವಾ? ಅದಕ್ಕೆ ಅವರನ್ನೇ ನಡೆಸಿ ಎಣಿಸಿದೆ.”

ಆಗ ಕಣ್ಣೆತ್ತಿದೆ. ಅವರ ಕಿವಿ ಕೆಂಪಾಗಿತ್ತು. ಆ ಚೀಟಿಯನ್ನು ನಾನು ಬಿಸಾಡಲಿಲ್ಲ, ಡೈರಿಯೊಳಗೆ ಇಟ್ಟುಕೊಂಡೆ.

ಮರುದಿನ ಟೇಪು ಹಿಡಿದು ಅಳತೆಗೆ ಹೋದೆ. ಕೋಣೆ ನಾಲ್ಕು ಮೀಟರ್ ಉದ್ದ, ಮೂರೂವರೆ ಅಗಲ, ಅಷ್ಟೇ. ನನ್ನ ಹೆಜ್ಜೆಯಲ್ಲಿ ಆರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎರಡು ಶಾಲು ಹೊದ್ದು ಅವರ ಅಮ್ಮ ಕೂತಿದ್ದರು. ಟೇಪಿನ ಒಂದು ತುದಿ ಗಡಿಯಾರದವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರು ಸ್ವಲ್ಪ ಎಳೆದರೆ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

“ಟೇಪು ನಡುಗ್ತಿದೆಯಲ್ಲೋ,” ಎಂದರು ಅಮ್ಮ. “ಚಳಿ ನನಗೊಬ್ಬಳಿಗೇ ಅಂದ್ಕೊಂಡಿದ್ದೆ.”

“ಅಮ್ಮಾ, ಸುಮ್ನಿರಿ.”

“ನಾನೇನಂದೆ? ಟೇಪಿನ ವಿಷಯ ಹೇಳಿದೆನಪ್ಪ.”

ನಾನು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿ, “ನಾಲ್ಕು ಕಿಲೋವ್ಯಾಟಿನ ಚಿಕ್ಕ ಒಲೆ ಸಾಕು,” ಎಂದೆ.

“ದೊಡ್ಡದಿದ್ದರೆ ಇನ್ನೂ ಬೆಚ್ಚಗಿರಲ್ವಾ?” ಎಂದರು ಗಡಿಯಾರದವರು.

“ಇಲ್ಲ. ಸೆಕೆ ತಡೆಯೋಕಾಗದೆ ಒಲೆಯ ಗಾಳಿಯ ಕಿಂಡಿ ಮುಚ್ತೀರ. ಆಗ ಸೌದೆ ಉರಿಯಲ್ಲ, ಒಳಗೊಳಗೇ ಹೊಗೆಯಾಡತ್ತೆ. ಗಾಜು ಕಪ್ಪಾಗತ್ತೆ, ಹೊಗೆ ಕೊಳವೆಯಲ್ಲಿ ಮಸಿ ಕಟ್ಟತ್ತೆ.” ಅಷ್ಟುದ್ದ ಮಾತನ್ನು ನಾನು ಹೊರಗಿನವರ ಎದುರು ಆಡಿದ್ದು ಅದೇ ಮೊದಲು.

ಅವರು ನಕ್ಕು ಗೋಡೆ ಮುಟ್ಟಿದರು. ಅದರಾಚೆ ಅಷ್ಟೇ ಅಳತೆಯ ಅವರ ಕೋಣೆ. “ಈ ಗೋಡೆ ತೆಗೆಸಿದ್ರೆ? ಇನ್ನೊಬ್ಬರು ಬಂದರೆ ಇದು ಇಕ್ಕಟ್ಟಾಗತ್ತಲ್ಲ.” ಸ್ವಲ್ಪ ತಡೆದು, “ನೀವು ಹೇಳಿ. ತೆಗೆಸಲಾ?”

ಅಮ್ಮ ಶಾಲಿನ ಅಂಚು ಸರಿಮಾಡುವುದನ್ನು ನಿಲ್ಲಿಸಿದರು. ಅವರ ಕಣ್ಣು ನನ್ನ ಮೇಲಿತ್ತು. ಅದು ಒಲೆಯ ಪ್ರಶ್ನೆಯಲ್ಲ ಎಂದು ನನಗೆ ಗೊತ್ತಿತ್ತು. ಹೂಂ ಅಂದಿದ್ದರೆ ಸಾಕಿತ್ತು. ಆದರೆ ಕೈ ತಾನಾಗಿ ಲೆಕ್ಕ ಹಾಕಿತು.

“ಏಳು ಕಿಲೋವ್ಯಾಟ್ ಬೇಕಾಗತ್ತೆ,” ಎಂದೆ. ಅವರು ಇನ್ನೂ ಕಾಯುತ್ತಿದ್ದರು. ಗಾಬರಿಗೆ ಗಿರಾಕಿಗಳಿಗೆಲ್ಲ ಹೇಳುವ ಮಾತೇ ಬಾಯಿಗೆ ಬಂತು: “ಜನರನ್ನ ನೋಡಿ ಅಲ್ಲ, ರೂಮು ನೋಡಿ ತಗೋಬೇಕು.”

ಅವರು ಗೋಡೆಯಿಂದ ಕೈ ತೆಗೆದರು. “ಸರಿ. ಗೋಡೆ ಇರಲಿ ಬಿಡಿ. ಚಿಕ್ಕದೇ ಕೊಡಿ.”

ಚಳಿಗಾಲವಿಡೀ ಡೈರಿಯಲ್ಲಿ ಒಂದೇ ಉತ್ತರವನ್ನು ಬೇರೆ ಬೇರೆ ಥರ ಬರೆದೆ. ಸೌದೆ ಒಣಗಿದೆಯಾ ಎಂದು ಕೇಳುವ ನೆಪದಲ್ಲಿ ಎರಡು ಸಲ ಅವರ ಬೀದಿಯವರೆಗೆ ಹೋಗಿ, ತಿರುವಿನಿಂದಲೇ ವಾಪಸು ಬಂದೆ.

ಚಳಿ ಮುಗಿಯುವ ಹೊತ್ತಿಗೆ ಅವರ ಅಮ್ಮ ತೀರಿಕೊಂಡರು. ಒಂದು ತಿಂಗಳಾದ ಮೇಲೆ, ಬೇರೆ ಊರಿಗೆ ಹೋಗಲು ಮನೆ ಖಾಲಿ ಮಾಡುತ್ತಿದ್ದೇನೆ, ಒಲೆ ವಾಪಸು ತಗೊಳ್ಳುತ್ತೀರಾ ಎಂದು ಅವರ ಫೋನ್ ಬಂತು. ನಾನೂ ಬರುತ್ತೇನೆ ಎಂದೆ. ಚಿಕ್ಕಪ್ಪ ನನ್ನ ಮುಖ ನೋಡಿದರು.

ಒಲೆಯ ಗಾಜು ತಿಳಿಯಾಗಿತ್ತು, ಒಂದು ಚುಕ್ಕೆ ಮಸಿಯಿಲ್ಲ.

“ಕೊನೆಕೊನೆಗೆ ಅಮ್ಮ ಒಂದು ಶಾಲು ತೆಗೆದಿಟ್ಟಿದ್ರು,” ಎಂದರು ಅವರು. “ನಿಮ್ಮ ಲೆಕ್ಕ ಸರಿಯಾಗಿತ್ತು.”

ಚಿಕ್ಕಪ್ಪ ಹೊರಗೆ ಕೊಳವೆ ಬಿಚ್ಚುತ್ತಿದ್ದರು. ಈಗಲ್ಲದಿದ್ದರೆ ಇನ್ಯಾವಾಗಲೂ ಇಲ್ಲ ಎನಿಸಿತು.

“ಒಂದು ಲೆಕ್ಕ ತಪ್ಪಾಗಿತ್ತು,” ಎಂದೆ. “ಗೋಡೆದು. ತೆಗೆಸಿ ಅನ್ನಬೇಕಿತ್ತು ನಾನು.”

ಅವರು ಜೇಬಿನಿಂದ ಒಂದು ಚೀಟಿ ತೆಗೆದರು. ಅದೇ ಮುತ್ತಿನಂಥ ಅಕ್ಷರ. ಉದ್ದ ಎಂಟು ಮೀಟರ್, ಅಗಲ ಮೂರೂವರೆ, ಎತ್ತರ ಎರಡೂವರೆ.

“ಹೊಸ ಮನೆದು. ಈ ಸಲ ಟೇಪಲ್ಲೇ ಅಳೆದೆ. ನಾಳೆ ಅಂಗಡಿಗೆ ತರೋಣ ಅಂತಿದ್ದೆ.” ಧ್ವನಿ ತಗ್ಗಿತು. “ಹೋಗೋ ಮುಂಚೆ ಅಮ್ಮ ಮದುವೆಗೆ ಮಾತು ತಗೊಂಡ್ರು. ಹುಡುಗಿ ಆ ಊರಲ್ಲಿ ಟೀಚರ್. ಒಳ್ಳೆಯವಳು... ಆವತ್ತು ನಿಮಗೆ ಇಷ್ಟವಿಲ್ಲ ಅಂದ್ಕೊಂಡೆ.”

“ಗೊತ್ತು.”

“ಇನ್ನೊಂದು ಸಲ ಕೇಳಬೇಕಿತ್ತು ನಾನು.”

ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಚೀಟಿ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು ಲೆಕ್ಕ ಹಾಕಿದೆ. ಆವತ್ತು ಬಂದಷ್ಟೇ ಬಂತು.

“ಏಳು ಕಿಲೋವ್ಯಾಟ್. ಅದಕ್ಕಿಂತ ದೊಡ್ಡದು ಯಾರು ಹೇಳಿದ್ರೂ ತಗೋಬೇಡಿ. ಗಾಳಿಯ ಕಿಂಡಿ ಮುಚ್ಚಬೇಡಿ.”

“ಇಲ್ಲ,” ಎಂದರು. “ಮುಚ್ಚಲ್ಲ.”

ಚಿಕ್ಕಪ್ಪನೂ ಅವರೂ ಒಲೆಯನ್ನು ಎತ್ತಿಕೊಂಡು ಹೊರಟರು. ನಾನು ಗೋಡೆಯ ಪಕ್ಕದಿಂದ ಬಾಗಿಲ ಕಡೆಗೆ ನಡೆದೆ, ಮನಸ್ಸಿನಲ್ಲೇ ಎಣಿಸುತ್ತಾ.

“ಏನೇ, ಬರಲ್ವಾ?” ಎಂದು ಕೂಗಿದರು ಚಿಕ್ಕಪ್ಪ.

“ಬಂದೆ ಚಿಕ್ಕಪ್ಪ.”

ಆರೇ ಹೆಜ್ಜೆಯ ಕೋಣೆ ಅದು. ಆವತ್ತು ಬಾಗಿಲು ತಲುಪಲು ನನಗೂ ಹನ್ನೆರಡು ಬೇಕಾಯಿತು.