ಅಪ್ಪನ ಕೂಗಿನ ಟ್ರ್ಯಾಕ್

“ನಮ್ಮಪ್ಪನ ಗಂಟಲಿಗೆ ಸಕ್ಕರಿ ಹಚ್ಚಂತ ನಿನಗ್ಯಾರು ಹೇಳಿದ್ರು?”

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಬಿಸಾಡಿದೆ. ಅಮೋಘಸಿದ್ದ ನಗಲು ಹೋಗಿ, ನನ್ನ ಮುಖ ನೋಡಿ ನಗು ನುಂಗಿದ.

“ಸಕ್ಕರಿ ಅಲ್ಲ ರೇಣಾ, ಬೀಟ್ ಹಾಕೀನಿ. ಮೊದಲಿಂದು ಹೆಂಗಿತ್ತು? ತಗಡಿನ ಮ್ಯಾಲ ಕುಡಗೋಲು ಎಳದಂಗ.”

“ಹಂಗ ಇರಬೇಕಂತನ ಮಾಡೀನಿ.”

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಸೌಂಡ್ ಅಂಗಡಿ. ಮದುವೆಗಳಿಗೆ ಡಿಜೆ ಒಯ್ಯುವುದು ಅವನ ಕೆಲಸ, ಸುಟ್ಟ ಆಂಪ್ಲಿಫೈಯರ್ ರಿಪೇರಿ ನನ್ನದು. ಬಿಡುವಾದಾಗ ಅಲ್ಲಿನ ಕಂಪ್ಯೂಟರ್‌ನಲ್ಲಿ ನನ್ನ ಟ್ರ್ಯಾಕ್ ಕಟ್ಟುತ್ತಿದ್ದೆ. ಕಾಲುವೆ ಗೇಟು ಎತ್ತುವಾಗಿನ ಕಿರುಚು, ಡೀಸೆಲ್ ಪಂಪಿನ ಬಡಿತ, ನಡುವೆ ಅಪ್ಪನ ಕೂಗು.

ಕಾಲುವೆ ಬಂದಾಗ ನಮ್ಮ ಕುರಿಗಳ ದಾರಿ ಎರಡು ತುಂಡಾಯಿತು. ಇಕ್ಕಟ್ಟಿನ ಸೇತುವೆಯ ಮೇಲೆ ಹಿಂಡು ದಾಟಿಸಲು ಅಪ್ಪ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವನು ಸಾಯುವ ಮುಂಚೆ ಆ ಕೂಗನ್ನು ಮೊಬೈಲಿನಲ್ಲಿ ಹಿಡಿದಿದ್ದೆ. ಅದನ್ನು ಎಳೆದು, ಒಡೆದು, ಸ್ಪೀಕರ್ ಒದರುವಷ್ಟು ಏರಿಸಿದ್ದೆ. ಕೇಳಿದವರ ಹಲ್ಲು ಜುಮ್ಮೆನ್ನಬೇಕಿತ್ತು.

ಅಮೋಘ ನನಗೆ ಹೇಳದೆ ಆ ಕೂಗನ್ನು ರಾಗಕ್ಕೆ ಕೂಡಿಸಿ, ಕೆಳಗೆ ಧಮ್ ಧಮ್ ಹಾಕಿ, ಸುರಪುರದ ಮದುವೆಯೊಂದರಲ್ಲಿ ಬಿಟ್ಟಿದ್ದ. ಹುಡುಗರು ಸತ್ತ ನನ್ನಪ್ಪನ ದನಿಗೆ ಸೊಂಟ ಕುಣಿಸಿದ್ದರು. ನಾನು ಖುಷಿಪಡುತ್ತೇನೆ ಎಂದುಕೊಂಡಿದ್ದನಂತೆ.

ಸಿಟ್ಟಿನಲ್ಲೂ ಅವನು ಬೇಕೆನಿಸುತ್ತಿದ್ದ, ಅದೇ ದೊಡ್ಡ ತಕರಾರು. ಒಂದೇ ಹೆಡ್‌ಫೋನನ್ನು ಇಬ್ಬರೂ ಹಂಚಿಕೊಂಡು ಕೇಳುತ್ತಿದ್ದೆವು. ದನಿ ಚುಚ್ಚುವಾಗ ಅವನ ಒಂದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕಣ್ಣು ನನ್ನ ಮೇಲೇ ಇರುತ್ತಿತ್ತು. ಆ ಕಣ್ಣಿಗೆ ನಾನು ಸೋತವಳು.

ಮರುದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದ. ತಾನು ಮಾಡಿದ್ದನ್ನು ಅಳಿಸಿಹಾಕಿದ್ದನಂತೆ.

“ನಿನ್ನ ಹಾಡು ನನಗ ತಿಳಿಯಂಗಿಲ್ಲ. ನೀ ಬೇಕು. ನಾಕು ಮಂದಿ ನಿನ್ನ ಮೆಚ್ಚಲಿ ಅಂತ ಮಾಡಿದ್ದೆ.”

“ಮೆಚ್ಚೋದು ಬ್ಯಾಡ, ಕೇಳಲಿ. ನಮ್ಮ ನಿಶ್ಚಯದ ದಿನ ಪೂರಾ ಹಚ್ಚು. ಯಾರು ಎದ್ದು ಹೋದ್ರೂ ಕೈ ಹಚ್ಚಬ್ಯಾಡ.”

“ಅಂದ್ರ ಲಗ್ನಕ್ಕ ಒಪ್ಪಿದಂಗಾತು?”

ಭಜಿ ಬಾಯಿಗೆ ತುಂಬಿಕೊಂಡು ಮುಖ ತಿರುಗಿಸಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದೆ. ಅವನು ನಂಬಲಿಲ್ಲ.

ನಮ್ಮ ಕಡೆ ಅವ್ವ ಒಬ್ಬಳೇ ಎಂದು ನಿಶ್ಚಯದ ಕಾರ್ಯವನ್ನು ಅವನ ಊರಾದ ಸಗರದ ಮನೆಯಂಗಳದಲ್ಲೇ ಇಟ್ಟುಕೊಂಡರು. ಹೆಣ್ಣಿನ ಉಡಿ ತುಂಬಿದರೆ ಮಾತು ಮುಗಿದಂತೆ. ಅವನ ತಾಯಿ ಭೀಮಮ್ಮ ನನ್ನ ಸೆರಗಿಗೆ ಅಕ್ಕಿ, ಒಣಕೊಬ್ಬರಿ ಹಾಕತೊಡಗಿದಳು. ಅಮೋಘ ನನ್ನತ್ತ ಒಮ್ಮೆ ನೋಡಿ ಟ್ರ್ಯಾಕ್ ಹಚ್ಚಿದ.

ಗೇಟು ಕಿರುಚಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಯಾರೋ ಮಷಿನ್ ಕೆಟ್ಟಿದೆ ಎಂದರು. ಆಮೇಲೆ ಅಪ್ಪನ ಕೂಗು ಬಂತು, ಒರಟಾಗಿ, ಅಂಗಳವೇ ನಡುಗುವಂತೆ.

ಕಟ್ಟೆಯ ಮೇಲೆ ಕೂತಿದ್ದ ಮುದುಕ ಕುರಿಗಾರ ತಾಯಪ್ಪ ದಡಬಡಿಸಿ ಎದ್ದು ನಿಂತ.

“ಮರಿಲಿಂಗಪ್ಪ ಬಂದಾನೇನು?”

ನನ್ನಪ್ಪನ ಹೆಸರದು. ನನ್ನ ಮೈ ಜುಮ್ಮೆಂದಿತು. ಆದರೆ ಭೀಮಮ್ಮ ಮಗನಿಗೆ ಕಣ್ಣು ಬಿಟ್ಟಳು. ಅಮೋಘನ ಕೈ ಮಿಕ್ಸರ್ ಮೇಲೆ ಸರಿದು, ಬೇಸ್ ಒಂದನ್ನು ಬಿಟ್ಟು ಉಳಿದ ದನಿಯನ್ನೆಲ್ಲ ಇಳಿಸಿತು. ಕೂಗು ಸಣ್ಣಗಾಗಿ ಕರಗಿಹೋಯಿತು. ಪಂಪಿನ ಧಮ್ ಧಮ್ ಉಳಿಯಿತು. ಹುಡುಗರು ಅದಕ್ಕೆ ಹೆಜ್ಜೆ ಹಾಕತೊಡಗಿದರು. ತಾಯಪ್ಪ ಮೆಲ್ಲಗೆ ಕೂತುಕೊಂಡ.

“ಸ್ವಲ್ಪಷ್ಟ ಇಳಿಸೀನಿ ರೇಣಾ,” ಎಂದ ಅಮೋಘ. “ಮಂದಿ ಕುಂತಾರ.”

ನಾನು ಎದ್ದೆ. ಉಡಿಯ ಅಕ್ಕಿ ಚಾಪೆ ತುಂಬ ಚೆಲ್ಲಿತು. ಅವ್ವ ಸೆರಗು ಹಿಡಿದಳು, ಬಿಡಿಸಿಕೊಂಡೆ. ಮಿಕ್ಸರ್‌ಗೆ ಸಿಕ್ಕಿಸಿದ್ದ ನನ್ನ ಮೊಬೈಲ್ ಕಿತ್ತೆ.

“ಇವತ್ತು ಅಪ್ಪನ್ನ ಇಳಿಸಿದಿ. ನಾಳಿ ನನ್ನ ಇಳಿಸ್ತಿ.”

ಅವನು ಹೆಸರು ಹಿಡಿದು ಕರೆದ. ರಸ್ತೆಗೆ ಬಂದು ಶಹಾಪುರದ ಟಂಟಂ ಆಟೊ ಹತ್ತಿದೆ. ಅವನ ಮೇಲಿನ ಆಸೆ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆ ಅಂಗಡಿಗೆ ಮತ್ತೆ ಕಾಲಿಡಲಿಲ್ಲ, ನನ್ನ ಸ್ಕ್ರೂಡ್ರೈವರ್ ತರಲಿಕ್ಕೂ.